ಸೈಕಲ್ ಚೈನಿನ ಜರಡಿ: 8616460799ನ್ನು ಒಡೆದ ಕೆಲಸದ ದಿನಚರಿ

ಕ್ಯಾತ್ಸಂದ್ರದ ನಮ್ಮ ಮನೆಯ ಹಿತ್ತಿಲ ಜಗಲಿಯಲ್ಲಿ ನಾಲ್ಕು ವಾರಗಳಿಂದ ಗ್ರೀಸಿನ ವಾಸನೆ ಹೋಗಿಲ್ಲ. ಐದು ಸೈಕಲ್ ಚೈನು, ಆರು ಹಳೆಯ ಫ್ರೀವೀಲು (ಹಿಂಬದಿ ಗಾಲಿಯ ಹಲ್ಲುಚಕ್ರ) ಮತ್ತು ಎರಡು ಅಡಿ ಜಿಐ ಪೈಪನ್ನು ಸೇರಿಸಿ, ರಾಗಿ ಹಿಟ್ಟಿನ ಬದಲು ಪೂರ್ಣಸಂಖ್ಯೆಗಳನ್ನು ಸೋಸುವ ಒಂದು ಜರಡಿಯನ್ನು ಕಟ್ಟಿದ್ದೇನೆ. ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತನಾದವನು. ಸುತ್ತಿಗೆ ಹಿಡಿದ ಅನುಭವ ಗೋಡೆಗೆ ಮೊಳೆ ಹೊಡೆದಷ್ಟೇ. ಆದ್ದರಿಂದ ಇಲ್ಲಿ ಕೆಲಸಕ್ಕಿಂತ ತಪ್ಪುಗಳ ವರದಿಯೇ ಹೆಚ್ಚಾಗಿದೆ.

ಸಂಖ್ಯೆಯ ಹಿನ್ನೆಲೆಯನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಮತ್ತು ತರ್ಕಶಾಸ್ತ್ರಜ್ಞ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ 1874ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ, ಯಾವ ಎರಡು ಸಂಖ್ಯೆಗಳನ್ನು ಗುಣಿಸಿದರೆ 8616460799 ಬರುತ್ತದೆ ಎಂದು ಓದುಗರನ್ನು ಕೇಳಿ, ತಮ್ಮ ಹೊರತು ಬೇರೆ ಯಾರಿಗೂ ಅದು ತಿಳಿಯುವ ಸಂಭವವಿಲ್ಲವೆಂದು ಬರೆದಿದ್ದರು. ಅಮೆರಿಕದ ಗಣಿತಜ್ಞ ಡೆರಿಕ್ ನಾರ್ಮನ್ ಲೆಹ್ಮರ್ 1903ರಲ್ಲಿ ಅದನ್ನು ಒಡೆದು ತೋರಿಸಿದರು. ಅವರ ಮಗ ಡೆರಿಕ್ ಹೆನ್ರಿ ಲೆಹ್ಮರ್ 1926ರಲ್ಲಿ ಸೈಕಲ್ ಚೈನುಗಳಿಂದ ಸಂಖ್ಯೆಗಳ ಜರಡಿಯೊಂದನ್ನು ಕಟ್ಟಿದರು. ತಂದೆ ಒಡೆದ ಸಂಖ್ಯೆಯನ್ನು ಮಗನ ಉಪಾಯದಿಂದ ಒಡೆಯಬೇಕೆಂಬ ಹಟ ನನಗೆ ಹಿಡಿಯಿತು. ಮೊಬೈಲಿನಲ್ಲಿ ಇದು ಕಣ್ಣು ಮಿಟುಕಿಸುವಷ್ಟರಲ್ಲಿ ಆಗುವ ಕೆಲಸವೆಂದು ಮೊಮ್ಮಗಳು ಹೇಳಿದಳು. ಉತ್ತರವನ್ನು ನೋಡಕೂಡದು, ನನಗೆ ಹೇಳಲೂಕೂಡದು ಎಂದು ಅವಳಿಂದ ಮಾತು ತೆಗೆದುಕೊಂಡೆ.

ಹಂತ 1. ಜೂನ್ 8, ಭಾನುವಾರ: ಪೆನ್ಸಿಲಿನ ಸೋಲು

ಮೊದಲ ದಿನ ಉಪಕರಣಗಳೆಂದರೆ ಪೆನ್ಸಿಲು ಮತ್ತು ಇನ್ನೂರು ಪುಟದ ನೋಟ್‌ಬುಕ್. ಅಂಕಿಗಳ ಮೊತ್ತ 56 ಆದ್ದರಿಂದ 3ರಿಂದ ಭಾಗವಾಗುವುದಿಲ್ಲ. ಬಲದಿಂದ ಮೂರು ಮೂರು ಅಂಕಿಗಳನ್ನು ಕತ್ತರಿಸಿ ಕೂಡಿ ಕಳೆದರೆ 799 − 460 + 616 − 8 = 947 ಬರುತ್ತದೆ. ಈ 947ನ್ನು 7ರಿಂದ ಭಾಗಿಸಿದರೆ 2, 11ರಿಂದ ಭಾಗಿಸಿದರೆ 1, 13ರಿಂದ ಭಾಗಿಸಿದರೆ 11 ಉಳಿಯುತ್ತದೆ. ಮೂಲ ಸಂಖ್ಯೆಗೂ ಅದೇ ಶೇಷಗಳು. ಅಲ್ಲಿಂದ ಮುಂದೆ ಒಂದೊಂದೇ ಅವಿಭಾಜ್ಯ ಸಂಖ್ಯೆಯಿಂದ ಉದ್ದ ಭಾಗಾಕಾರ ಮಾಡುತ್ತಾ ಹೋದೆ. 83ರ ಹತ್ತಿರ ಶೇಷ ಸೊನ್ನೆ ಬಂತೆಂದು ಹತ್ತು ನಿಮಿಷ ಸಂಭ್ರಮಪಟ್ಟು, ಗುಣಿಸಿ ನೋಡಿದಾಗ ಕಳೆಯುವಲ್ಲಿ ತಪ್ಪಿದ್ದು ತಿಳಿಯಿತು.

ದೀಪ ಹಚ್ಚುವ ಹೊತ್ತಿಗೆ 211ರವರೆಗಿನ 47 ಅವಿಭಾಜ್ಯಗಳು ಮುಗಿದಿದ್ದವು. ಸಂಖ್ಯೆಯ ವರ್ಗಮೂಲ 92824 ಮತ್ತು 92825ರ ನಡುವೆ ಇದೆ. ಅಷ್ಟರೊಳಗೆ ಎಂಟು ಸಾವಿರಕ್ಕೂ ಹೆಚ್ಚು ಅವಿಭಾಜ್ಯಗಳಿವೆ. ದಿನಕ್ಕೆ 47ರಂತೆ ಹೋದರೆ ಆರು ತಿಂಗಳ ಕೆಲಸ. ಅಲ್ಲಿಗೆ ಪೆನ್ಸಿಲನ್ನು ಕೆಳಗಿಟ್ಟೆ.

ಹಂತ 2. ಜೂನ್ 10, ಮಂಗಳವಾರ: ಶೇಷಗಳ ಪಟ್ಟಿ

ದಾರಿ ಬದಲಿಸಿ, ಹದಿನೇಳನೆಯ ಶತಮಾನದ ಫ್ರೆಂಚ್ ಗಣಿತಜ್ಞ ಫರ್ಮಾ ಅವರ ಪದ್ಧತಿಯನ್ನು ಹಿಡಿದೆ. ಎರಡು ಬೆಸಸಂಖ್ಯೆಗಳ ಗುಣಲಬ್ಧವೆಂದರೆ ಅವುಗಳ ನಡುಸಂಖ್ಯೆಯ ವರ್ಗದಲ್ಲಿ ಅವುಗಳ ವ್ಯತ್ಯಾಸದ ಅರ್ಧದ ವರ್ಗವನ್ನು ಕಳೆದದ್ದು: 7 × 13 = 10² − 3² = 91. ಫರ್ಮಾ 1643ರಲ್ಲಿ 2027651281ನ್ನು ಹೀಗೆಯೇ 45041² − 1020² ಎಂದು ಬರೆದು, 44021 ಮತ್ತು 46061 ಎಂದು ಒಡೆದಿದ್ದರು. ಅವರು 45030ರಿಂದ ಆರಂಭಿಸಿ ಹನ್ನೆರಡನೆಯ ಪ್ರಯತ್ನಕ್ಕೆ ಗುರಿ ಮುಟ್ಟಿದ್ದರು.

ನನ್ನ ಆರಂಭ 92825. ಅದರ ವರ್ಗದಿಂದ ಜೆವನ್ಸರ ಸಂಖ್ಯೆಯನ್ನು ಕಳೆದರೆ 19826 ಉಳಿಯುತ್ತದೆ. 140ರ ವರ್ಗ 19600, 141ರ ವರ್ಗ 19881, ಆದ್ದರಿಂದ ಇದು ವರ್ಗಸಂಖ್ಯೆಯಲ್ಲ. ಮುಂದೆ 92826, 92827 ಎಂದು ಹೋಗುತ್ತಲೇ ಇರಬೇಕು. ಎಷ್ಟು ದೂರವೆಂದು ಮೊದಲೇ ತಿಳಿಯುವ ಉಪಾಯವಿಲ್ಲ. ಸಾವಿರಾರು ಹೆಜ್ಜೆಗಳಾಗಬಹುದೆಂದು ಅಂದಾಜು ಮಾಡಿದೆ. ಈ ಅಂದಾಜೇ ಮುಂದಿನ ಎಲ್ಲ ದುಂದುವೆಚ್ಚಕ್ಕೆ ಮೂಲ.

ಎಲ್ಲ ಹೆಜ್ಜೆಗಳಲ್ಲೂ ವರ್ಗಮೂಲ ತೆಗೆಯಬೇಕಾಗಿಲ್ಲ. ಉದಾಹರಣೆಗೆ 7ನ್ನು ತೆಗೆದುಕೊಳ್ಳೋಣ. ಯಾವ ವರ್ಗಸಂಖ್ಯೆಯನ್ನು 7ರಿಂದ ಭಾಗಿಸಿದರೂ 0, 1, 2, 4 ಇವುಗಳಲ್ಲೊಂದು ಉಳಿಯುತ್ತದೆಯೇ ಹೊರತು 3, 5, 6 ಉಳಿಯುವುದಿಲ್ಲ. ನಡುಸಂಖ್ಯೆಯ ಶೇಷ 1 ಆದರೆ ಅದರ ವರ್ಗದ ಶೇಷವೂ 1. ಅದರಲ್ಲಿ ನಮ್ಮ ಸಂಖ್ಯೆಯ ಶೇಷ 2ನ್ನು ಕಳೆದರೆ 6ಕ್ಕೆ ಸಮನಾದದ್ದು ಬರುತ್ತದೆ. ಅಂಥ ನಡುಸಂಖ್ಯೆಯನ್ನು ಮುಟ್ಟುವ ಅಗತ್ಯವೇ ಇಲ್ಲ. ಹೀಗೆ ಐದು ಭಾಜಕಗಳಿಗೆ ಪಟ್ಟಿ ಮಾಡಿದೆ:

5ಕ್ಕೆ ಒಪ್ಪುವ ಶೇಷಗಳು: 0, 2, 3
7ಕ್ಕೆ: 2, 3, 4, 5
9ಕ್ಕೆ: 0, 3, 6
11ಕ್ಕೆ: 1, 2, 4, 7, 9, 10
16ಕ್ಕೆ: 0, 4, 8, 12

ಐದೂ ಪಟ್ಟಿಗಳಿಗೆ ಒಟ್ಟಿಗೆ ಒಪ್ಪುವ ನಡುಸಂಖ್ಯೆ ಬಂದಾಗ ಮಾತ್ರ ವರ್ಗಮೂಲ ತೆಗೆದರೆ ಸಾಕು. ಚೈನಿನ ಕೆಲಸ ಇಲ್ಲಿ ಬರುತ್ತದೆ. ಪ್ರತಿ ಭಾಜಕಕ್ಕೂ ಒಂದು ಚೈನು. ಒಪ್ಪುವ ಶೇಷದ ಕೊಂಡಿಗಳಿಗೆ ಬಣ್ಣ. ಎಲ್ಲ ಚೈನುಗಳನ್ನೂ ಒಂದೇ ಅಚ್ಚಿನ ಮೇಲೆ ಒಂದೊಂದೇ ಕೊಂಡಿಯಷ್ಟು ತಿರುಗಿಸುತ್ತಾ ಹೋಗುವುದು. ಐದು ಬಣ್ಣದ ಕೊಂಡಿಗಳು ಒಂದೇ ಸಾಲಿಗೆ ಬಂದಲ್ಲಿ ನಿಲ್ಲುವುದು.

(ಆ ಪಟ್ಟಿಯಲ್ಲಿ 9 ಮತ್ತು 16ರ ಸಾಲುಗಳನ್ನು ಇನ್ನೊಮ್ಮೆ ನೋಡಿ. ನಾನು ನೋಡಲಿಲ್ಲ.)

ಹಂತ 3. ಜೂನ್ 14, ಶನಿವಾರ: ಚೈನು ಕತ್ತರಿಸಿದ್ದು

ಬಿ.ಎಚ್. ರಸ್ತೆಯ ಬದಿಯಲ್ಲಿ ಸೈಕಲ್ ಶಾಪ್ ಇಟ್ಟಿರುವಾತ ನನ್ನ ಹಳೆಯ ವಿದ್ಯಾರ್ಥಿ. ಗಣಿತದಲ್ಲಿ ನಾನೇ ಅವನನ್ನು ಎರಡು ಬಾರಿ ಫೇಲ್ ಮಾಡಿದ್ದೆ. ಅದನ್ನು ಅವನು ಮರೆತಿಲ್ಲ, ಹಾಗೆಂದು ಮನಸ್ಸಿನಲ್ಲಿಟ್ಟುಕೊಂಡೂ ಇಲ್ಲ. 112 ಕೊಂಡಿಗಳ ಎರಡು ಹೊಸ ಚೈನುಗಳನ್ನು ತಲಾ ₹160ಕ್ಕೆ ಕೊಟ್ಟು, ಚೈನ್ ಕಟ್ಟರನ್ನು ಎರವಲು ಕೊಟ್ಟ. ನೆನಪಿಗಾಗಿ ಅವನ ಅಂಗಡಿಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಸಂಖ್ಯೆಯನ್ನು ಬರೆದಿಟ್ಟೆ. ಪಂಕ್ಚರ್ ಹಾಕಿಸಲು ಬಂದವರೊಬ್ಬರು ಅದು ಯಾರ ಫೋನ್ ನಂಬರ್ ಎಂದು ಕೇಳಿದರಂತೆ.

ಚೈನಿನ ಉದ್ದ ಭಾಜಕದ ಗುಣಕವಾಗಿರಬೇಕು, ಫ್ರೀವೀಲಿನ ಮೇಲೆ ಹಾಯಾಗಿ ಇಳಿಬೀಳುವಷ್ಟು ಉದ್ದವೂ ಇರಬೇಕು. ನನ್ನ ಮೊದಲ ಲೆಕ್ಕ ಹೀಗಿತ್ತು: 5ಕ್ಕೆ 40 ಕೊಂಡಿ, 7ಕ್ಕೆ 35, 9ಕ್ಕೆ 36, 11ಕ್ಕೆ 33, 16ಕ್ಕೆ 48. ಮನೆಗೆ ಬಂದು ಐದನ್ನೂ ಕತ್ತರಿಸಿ ಹಾಕಿದೆ. 40, 36 ಮತ್ತು 48 ಚೆನ್ನಾಗಿ ಕೂಡಿಕೊಂಡವು. 35 ಮತ್ತು 33 ಏನು ಮಾಡಿದರೂ ಕೂಡಲಿಲ್ಲ.

ಕಾರಣ ಕಣ್ಣೆದುರಿಗೇ ಇತ್ತು. ಸೈಕಲ್ ಚೈನಿನಲ್ಲಿ ಒಂದು ಕೊಂಡಿ ಒಳಗಿನದು, ಅದರ ಪಕ್ಕದ್ದು ಹೊರಗಿನದು; ಹೀಗೆ ಒಂದು ಬಿಟ್ಟು ಒಂದು. ಕೊಂಡಿಗಳ ಸಂಖ್ಯೆ ಬೆಸವಾದರೆ ಕೊನೆಗೆ ಎರಡು ಒಳಕೊಂಡಿಗಳೋ ಎರಡು ಹೊರಕೊಂಡಿಗಳೋ ಎದುರುಬದುರಾಗುತ್ತವೆ, ಬಳೆ ಮುಚ್ಚುವುದಿಲ್ಲ. ಸಮ ಮತ್ತು ಬೆಸದ ಪಾಠವನ್ನು ಮೂವತ್ತು ವರ್ಷ ಮಾಡಿದವನು ಅದನ್ನು ಕಬ್ಬಿಣದಲ್ಲಿ ಗುರುತಿಸಲಿಲ್ಲ. 7ಕ್ಕೆ 42, 11ಕ್ಕೆ 44 ಎಂದು ತಿದ್ದಿಕೊಂಡೆ. 35ಕ್ಕೆ ಏಳನ್ನೂ 33ಕ್ಕೆ ಹನ್ನೊಂದನ್ನೂ ಮಿಕ್ಕ ತುಂಡಿನಿಂದ ಸೇರಿಸಬಹುದಾಗಿತ್ತು, ಆದರೆ ಅಲ್ಲಿ ಇನ್ನೊಂದು ತಪ್ಪು ಕಾದಿತ್ತು. ಆ ಎರಡು ತುಂಡುಗಳನ್ನು ಬಿಡಿಸುವಾಗ ಪಿನ್ನನ್ನು ಪೂರ್ತಿ ಹೊರಕ್ಕೆ ತಳ್ಳಿಬಿಟ್ಟಿದ್ದೆ. ಪಿನ್ನು ಆಚೆ ಬದಿಯ ಪಟ್ಟಿಯಲ್ಲಿ ಕೂದಲೆಳೆಯಷ್ಟಾದರೂ ಕಚ್ಚಿಕೊಂಡಿರಬೇಕು. ಪೂರ್ತಿ ಹೊರಬಂದ ಪಿನ್ನನ್ನು ಮತ್ತೆ ನೆಟ್ಟಗೆ ಕೂರಿಸುವುದು ನನ್ನಂಥವನ ಕೈಯಲ್ಲಾಗುವುದಿಲ್ಲ. ಮೂರನೆಯ ಚೈನು, ಮತ್ತೆ ₹160.

ಹಂತ 4. ಜೂನ್ 15, ಭಾನುವಾರ: ಅಚ್ಚು

ಫ್ರೀವೀಲಿನ ಒಳಗಿನ ತೂತಿಗೆ ಒಂದು ಇಂಚಿನ ಜಿಐ ಪೈಪು ಹೆಚ್ಚುಕಡಿಮೆ ಸರಿಯಾಗಿ ಹೊಂದುತ್ತದೆ. ಪೈಪಿನ ಮೇಲ್ಮೈಗೆ ಸ್ವಲ್ಪ ಅರ ಹಾಕಿದ ಮೇಲೆ ಬಿಗಿಯಾಗಿ ಕೂತಿತು. ಮಂಡಿಪೇಟೆಯಲ್ಲಿ ಎರಡು ಅಡಿ ಪೈಪಿಗೆ ₹130 ಕೊಟ್ಟೆ. ಸವೆದ ಫ್ರೀವೀಲುಗಳು ಗುಜರಿ ಲೆಕ್ಕದಲ್ಲಿ ತಲಾ ₹40ರಂತೆ ಆರು. ಐದು ಚೈನುಗಳಿಗೆ, ಆರನೆಯದು ಹೆಜ್ಜೆ ಎಣಿಸಲು. ಆರನೆಯದರ ಹಲ್ಲಿನ ಮೇಲೆ ಹ್ಯಾಕ್ಸಾ ಬ್ಲೇಡಿನ ತುಂಡೊಂದನ್ನು ಒತ್ತಿಟ್ಟರೆ, ಒಂದೊಂದು ಹಲ್ಲಿಗೂ ಟಕ್ಕೆಂದು ಸದ್ದಾಗಿ ಅಚ್ಚು ಅಲ್ಲೇ ನಿಲ್ಲುತ್ತದೆ. ಹಳೆಯ ಮಂಚದ ಎರಡು ಕಾಲುಗಳಿಗೆ ತೂತು ಕೊರೆಸಿ, ಹಲಗೆಯ ಮೇಲೆ ನಿಲ್ಲಿಸಿ, ಹಲಗೆಯಿಂದ ಹತ್ತು ಇಂಚು ಎತ್ತರದಲ್ಲಿ ಪೈಪನ್ನು ಅಡ್ಡಲಾಗಿ ತೂರಿಸಿದೆ. ಫ್ರೀವೀಲುಗಳ ನಡುವೆ ಮೂರು ಇಂಚು ಅಂತರ. ಒಂದು ತುದಿಗೆ ಹಳೆಯ ಪೆಡಲಿನ ಕ್ರ್ಯಾಂಕು.

ಬೆಸೆಯುವ ಮೊದಲು ಸುಮ್ಮನೆ ಸಿಕ್ಕಿಸಿ ತಿರುಗಿಸಿ ನೋಡಿದೆ. ಒಂದು ದಿಕ್ಕಿಗೆ ತಿರುಗಿಸಿದರೆ ಪೈಪು ಮಾತ್ರ ಸುತ್ತಿತು, ಚೈನುಗಳು ಕದಲಲಿಲ್ಲ. ಫ್ರೀವೀಲಿನ ಧರ್ಮವೇ ಅದು. ಇನ್ನೊಂದು ದಿಕ್ಕಿಗೆ ತಿರುಗಿಸಿದಾಗ ಒಳಗಿನ ನಾಲಗೆಗಳು ಒಂದೊಂದು ಫ್ರೀವೀಲಿನಲ್ಲಿ ಒಂದೊಂದು ಗಳಿಗೆಗೆ ಕಚ್ಚಿಕೊಳ್ಳುತ್ತಿದ್ದುದರಿಂದ ಐದು ಚೈನುಗಳು ಐದು ದಾರಿ ಹಿಡಿದವು. ಫ್ರೀವೀಲಿನೊಳಗಿನ ಆಟವನ್ನೇ ಬೆಸುಗೆಯಿಂದ ಮುಚ್ಚಿಸಬೇಕು ಎಂದು ತೀರ್ಮಾನಿಸಿದೆ.

ಹಂತ 5. ಜೂನ್ 19, ಗುರುವಾರ: ಇಪ್ಪತ್ತು ಹಲ್ಲಿನ ಪ್ರಸಂಗ

ವೆಲ್ಡಿಂಗ್ ಅಂಗಡಿಯಲ್ಲಿ ಆರೂ ಫ್ರೀವೀಲುಗಳನ್ನು ಒಳಗೂ ಹೊರಗೂ ಟ್ಯಾಕ್ ಹಾಕಿಸಿ, ಪೈಪಿಗೆ ಬೆಸೆಸಿ ತಂದೆ. ಪ್ರತಿ ಚೈನಿನಲ್ಲೂ ಸೊನ್ನೆಯ ಕೊಂಡಿಗೆ ಕೆಂಪು ಚುಕ್ಕೆ ಇಟ್ಟು, ಎಲ್ಲ ಕೆಂಪುಗಳನ್ನೂ ಮೇಲುಗಡೆ ಒಂದೇ ಸಾಲಿಗೆ ತಂದು, ಅಡ್ಡಲಾಗಿ ಒಂದು ಹುರಿ ಕಟ್ಟಿದೆ. ಪರೀಕ್ಷೆ ಸರಳ: 36 ಕೊಂಡಿಯ ಚೈನಿನ ಕೆಂಪು 36ನೆಯ ಟಕ್ಕಿಗೆ ಹುರಿಯ ಕೆಳಗೆ ಮರಳಬೇಕು, 40 ಕೊಂಡಿಯದ್ದು 40ನೆಯ ಟಕ್ಕಿಗೆ, ಹೀಗೆ.

36ನೆಯ ಟಕ್ಕಿಗೆ ಎರಡು ಕೆಂಪುಗಳು ಒಟ್ಟಿಗೇ ಬಂದು ನಿಂತವು. 40ರ ಚೈನು ನಾಲ್ಕು ಹೆಜ್ಜೆ ಮುಂಚೆಯೇ ಮನೆಗೆ ಬಂದಿತ್ತು. ಕೊಂಡಿಗಳನ್ನು ಮೂರು ಸಲ ಎಣಿಸಿದೆ, ನಲವತ್ತೇ. ಆಮೇಲೆ ಹಲ್ಲುಗಳನ್ನು ಎಣಿಸಿದೆ. ಉಳಿದ ಐದು ಫ್ರೀವೀಲುಗಳಿಗೆ 18 ಹಲ್ಲು. 40ರ ಚೈನು ಕೂತಿದ್ದ ಫ್ರೀವೀಲಿಗೆ 20. ಪೈಪು ಒಂದು ಸುತ್ತು ಬಂದರೆ ಉಳಿದ ಚೈನುಗಳು 18 ಕೊಂಡಿ ಮುಂದೆ ಹೋಗುತ್ತವೆ, ಅದೊಂದು 20 ಕೊಂಡಿ. ಎರಡು ಸುತ್ತಿಗೆ 36 ಮತ್ತು 40. ಗುಜರಿ ಡಬ್ಬದಿಂದ ನಾನೇ ಕೈಯಾರೆ ಆರಿಸಿ ತಂದದ್ದು, ಎಣಿಸದೆ ತಂದದ್ದು. ಮತ್ತೆ ವೆಲ್ಡಿಂಗ್ ಅಂಗಡಿ, ಗ್ರೈಂಡರಿನಿಂದ ಬೆಸುಗೆ ಕತ್ತರಿಸಿ ಬೇರೆ ಫ್ರೀವೀಲು ಕೂರಿಸಿದ್ದೂ ಸೇರಿ ₹250. ಬದಲಿ ಫ್ರೀವೀಲಿಗೆ ಶಿಷ್ಯ ದುಡ್ಡು ತೆಗೆದುಕೊಳ್ಳಲಿಲ್ಲ.

ಹಂತ 6. ಜೂನ್ 21, ಶನಿವಾರ: ದೀಪದ ಆಸೆ

ಐದು ಒಪ್ಪಿಗೆಗಳು ಒಟ್ಟಿಗೆ ಬಂದಾಗ ಪುಟ್ಟ ಎಲ್‌ಇಡಿ ಉರಿಯುವಂತೆ ಮಾಡಬೇಕೆಂದು ಬ್ಯಾಟರಿ, ತಂತಿ, ತಾಮ್ರದ ಪಟ್ಟಿಗಳಿಗೆ ₹110 ಖರ್ಚು ಮಾಡಿದೆ. ಒಪ್ಪದ ಕೊಂಡಿಗಳಿಗೆ ಉಗುರುಬಣ್ಣ ಬಳಿದು ವಿದ್ಯುತ್ತನ್ನು ತಡೆಯುವ ಯೋಜನೆ. ಎಲ್‌ಇಡಿ ಮೊದಲ ಕ್ಷಣದಿಂದಲೇ ಉರಿಯಿತು, ಆರಲೇ ಇಲ್ಲ. ಐದು ಚೈನುಗಳೂ ಒಂದೇ ಕಬ್ಬಿಣದ ಪೈಪಿಗೆ ಬೆಸೆದ ಫ್ರೀವೀಲುಗಳ ಮೇಲಿವೆ. ಒಂದರಿಂದ ಇನ್ನೊಂದಕ್ಕೆ ವಿದ್ಯುತ್ತು ಪೈಪಿನಲ್ಲೇ ಹರಿದುಹೋಗುತ್ತದೆ. ಸರಣಿಯಲ್ಲಿ ಜೋಡಿಸುವುದೆಂಬ ಮಾತಿಗೇ ಅಲ್ಲಿ ಅರ್ಥವಿರಲಿಲ್ಲ. ದೀಪವನ್ನು ಕೈಬಿಟ್ಟೆ.

ಹಂತ 7. ಜೂನ್ 24, ಮಂಗಳವಾರ: ಬಣ್ಣ

ಹೊಸ ಚೈನಿನ ಮೇಲೆ ಎಣ್ಣೆಯಿರುವ ತನಕ ಯಾವ ಬಣ್ಣವೂ ಹಿಡಿಯುವುದಿಲ್ಲ. ಅರ್ಧ ಲೀಟರ್ ಡೀಸೆಲಿನಲ್ಲಿ (₹45) ಅದ್ದಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಸೋಪಿನ ನೀರಿನಲ್ಲಿ ತೊಳೆದು, ಒಂದು ದಿನ ಬಿಸಿಲಿನಲ್ಲಿ ಒಣಗಿಸಿದೆ. ಹಳದಿ ಮತ್ತು ಕೆಂಪು ಇನಾಮೆಲ್ ಬಣ್ಣದ ಎರಡು ಪುಟ್ಟ ಡಬ್ಬಗಳಿಗೆ ₹150. ಒಪ್ಪುವ ಕೊಂಡಿಗಳ ಹೊರ ಅಂಚಿಗೆ ಮಾತ್ರ ಹಳದಿ: 40ರ ಚೈನಿನಲ್ಲಿ 24, 42ರಲ್ಲಿ 24, 36ರಲ್ಲಿ 12, 44ರಲ್ಲಿ 24, 48ರಲ್ಲಿ 12, ಒಟ್ಟು 96 ಕೊಂಡಿಗಳು. ಬಣ್ಣ ರೋಲರಿನೊಳಕ್ಕೆ ಇಳಿದರೆ ಕೊಂಡಿ ಮಡಚುವುದಿಲ್ಲ. ಎರಡು ಕಡೆ ಹಾಗಾಗಿ, ಥಿನ್ನರ್ ಹಾಕಿ ಬಿಡಿಸಬೇಕಾಯಿತು. ಸಂಜೆಗೆ ಬೆರಳುಗಳೆಲ್ಲ ಅರಿಶಿನದ ಶಾಸ್ತ್ರ ಮುಗಿಸಿದಂತಿದ್ದವು. ಜಗಲಿಯ ಕಲೆ ಯಾವಾಗ ಹೋಗುತ್ತದೆ ಎಂದು ನನ್ನ ಹೆಂಡತಿ ಕೇಳಿದ ಪ್ರಶ್ನೆಗೆ ಇನ್ನೂ ಉತ್ತರ ಕೊಟ್ಟಿಲ್ಲ.

ಹಂತ 8. ಜೂನ್ 28, ಶನಿವಾರ: ಮೊದಲ ಓಟ

ಆರಂಭದ 92825ನ್ನು 5, 7, 9, 11, 16ರಿಂದ ಭಾಗಿಸಿದರೆ ಕ್ರಮವಾಗಿ 0, 5, 8, 7, 9 ಉಳಿಯುತ್ತದೆ. ಪ್ರತಿ ಚೈನನ್ನೂ ಎತ್ತಿ ಆ ಶೇಷದ ಕೊಂಡಿಯನ್ನು ಹುರಿಯ ಕೆಳಗೆ ಕೂರಿಸಿದೆ. ಬೆಳಗ್ಗೆ ಹತ್ತಕ್ಕೆ ಕ್ರ್ಯಾಂಕು ತಿರುಗಿಸಲಾರಂಭಿಸಿದೆ. ಪ್ರತಿ ಟಕ್ಕಿಗೆ ನೋಟ್‌ಬುಕ್ಕಿನಲ್ಲಿ ಒಂದು ಗೀಟು.

ಐವತ್ತು ದಾಟಿತು, ನೂರು ದಾಟಿತು. 115ನೆಯ ಟಕ್ಕಿಗೆ ಹುರಿಯ ಕೆಳಗೆ ಐದು ಹಳದಿಗಳು ಸಾಲಾಗಿ ನಿಂತವು. ನಡುಸಂಖ್ಯೆ 92825 + 115 = 92940. ಅದರ ವರ್ಗದಿಂದ ಮೂಲ ಸಂಖ್ಯೆಯನ್ನು ಕಳೆದಾಗ 21382801 ಬಂತು. ಕೊನೆಯ ಎರಡು ಅಂಕಿಗಳು 01, ವರ್ಗಸಂಖ್ಯೆಯ ಚಹರೆ. ಕೈ ನಡುಗುತ್ತಾ ವರ್ಗಮೂಲ ತೆಗೆದೆ. 4624ರ ವರ್ಗ 21381376, 4625ರ ವರ್ಗ 21390625. ಎರಡರ ನಡುವೆ ಬಿದ್ದುಹೋಯಿತು.

ಜರಡಿಯಲ್ಲಿ ಉಳಿದದ್ದೆಲ್ಲ ಕಾಳೇ ಆಗಿರಬೇಕೆಂದಿಲ್ಲ, ಐದೂ ಪರೀಕ್ಷೆಗಳನ್ನು ದಾಟಿದ ಮೇಲೂ ಸಂಖ್ಯೆ ವರ್ಗವಾಗದಿರಬಹುದು ಎಂದು ಸಮಾಧಾನ ಮಾಡಿಕೊಂಡು ಮುಂದೆ ತಿರುಗಿಸಲು ಹೊರಟೆ. ಏನೋ ಅನುಮಾನ ಬಂದು 92940ನ್ನು 7ರಿಂದ ಭಾಗಿಸಿ ನೋಡಿದೆ. ಶೇಷ 1. ಅದು ಒಪ್ಪುವ ಪಟ್ಟಿಯಲ್ಲೇ ಇಲ್ಲ! ಆದರೆ ಯಂತ್ರದಲ್ಲಿ 7ರ ಚೈನು ಹಳದಿ ತೋರಿಸುತ್ತಿತ್ತು.

ಊಟವಾದ ಮೇಲೆ ಅರ್ಧ ದಿನ ಹುಡುಕಿದೆ. ಬಣ್ಣದ ಕ್ರಮ ಸರಿಯಾಗಿತ್ತು, ಆರಂಭದ ಶೇಷವೂ ಸರಿಯಾಗಿತ್ತು. ಕೊನೆಗೆ ಕೊಂಡಿಗಳ ಮೇಲೆ ಪೆನ್ಸಿಲಿನಲ್ಲಿ ಬರೆದಿದ್ದ ಅಂಕಿಗಳನ್ನು ಒಂದೊಂದೇ ಓದುತ್ತಾ ತಿರುಗಿಸಿದಾಗ 5, 4, 3, 2 ಎಂದು ಇಳಿಯುತ್ತಿದ್ದದ್ದು ಕಣ್ಣಿಗೆ ಬಿತ್ತು. ತೊಳೆದು ಒಣಗಿಸಿ ಮತ್ತೆ ತೊಡಿಸುವಾಗ 42ರ ಚೈನನ್ನು ಬೆನ್ನುಮುಂದಾಗಿ ತೊಡಿಸಿದ್ದೆ. ಈ ತಪ್ಪು ಕಣ್ಣಿಗೆ ಬೀಳದಿರುವುದಕ್ಕೆ ಒಂದು ಕಾರಣವಿದೆ: ಒಪ್ಪುವ ಶೇಷಗಳು ಸೊನ್ನೆಯ ಎರಡೂ ಬದಿಗೆ ಕನ್ನಡಿಯಲ್ಲಿ ಕಂಡಂತೆ ಸಮನಾಗಿ ಹಂಚಿಕೊಂಡಿರುತ್ತವೆ (2 ಇದ್ದರೆ 5 ಇರುತ್ತದೆ, 3 ಇದ್ದರೆ 4 ಇರುತ್ತದೆ). ಆದ್ದರಿಂದ ತಿರುಗಿಸಿ ತೊಡಿಸಿದ ಚೈನಿನ ಬಣ್ಣದ ವಿನ್ಯಾಸ ನೋಡುವುದಕ್ಕೆ ಹಾಗೆಯೇ ಇರುತ್ತದೆ, ಆರಂಭದ ಜಾಗದಿಂದ ಅದು ನಡೆಯುವ ದಿಕ್ಕು ಮಾತ್ರ ಉಲ್ಟಾ. ಅಂದೇ ರಾತ್ರಿ ಪ್ರತಿ ಚೈನಿಗೂ ಬಿಳಿ ಬಣ್ಣದಲ್ಲಿ ಒಂದು ಬಾಣದ ಗುರುತು ಬರೆದೆ. ಇದನ್ನು ಮೊದಲ ದಿನವೇ ಮಾಡಬೇಕಾಗಿತ್ತು.

ಹಂತ 9. ಜೂನ್ 29, ಭಾನುವಾರ: ನಿಂತದ್ದು

ಚೈನನ್ನು ಸರಿಯಾಗಿ ತೊಡಿಸಿ ಮತ್ತೆ 92825ರಿಂದ ಹೊರಟೆ. 7ನೆಯ ಟಕ್ಕಿಗೆ ನಾಲ್ಕು ಹಳದಿ ಬಂದು, 11ರ ಚೈನು ಒಂದೇ ಒಪ್ಪಲಿಲ್ಲ. ಮೂರು ಪೂರ್ತಿ ಸುತ್ತು ಮುಗಿದು, ನಾಲ್ಕನೆಯ ಸುತ್ತಿನ ಮೊದಲ ಹಲ್ಲಿಗೆ, ಅಂದರೆ 55ನೆಯ ಟಕ್ಕಿಗೆ, ಐದೂ ಒಂದೇ ಸಾಲು. ಒಂದು ನಿಮಿಷವೂ ಆಗಿರಲಿಲ್ಲ.

92880ರ ವರ್ಗ 8626694400. ಕಳೆದರೆ 10233601. ಇದು 3200ರ ವರ್ಗವಾದ 10240000ಕ್ಕಿಂತ 6399 ಕಡಿಮೆ, ಅಂದರೆ ಸರಿಯಾಗಿ 3199ರ ವರ್ಗ. 92880 − 3199 = 89681; 92880 + 3199 = 96079. ಎರಡನ್ನೂ ಗುಣಿಸಿ, ಕೊನೆಯಲ್ಲಿ 799 ಬಿದ್ದಾಗ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಎದ್ದುನಿಂತೆ. ಮುಂದಿನ ಎರಡು ಸಂಜೆ ಇವೆರಡೂ ಅವಿಭಾಜ್ಯವೇ ಎಂದು ಖಾತರಿ ಮಾಡಿಕೊಳ್ಳಲು ಮೀಸಲಾದವು: 89681ಕ್ಕೆ 293ರವರೆಗಿನ 62 ಅವಿಭಾಜ್ಯಗಳು, 96079ಕ್ಕೆ 307ರವರೆಗಿನ 63. ಯಾವುದೂ ಭಾಗಿಸಲಿಲ್ಲ.

ಹಂತ 10. ಜುಲೈ 2, ಬುಧವಾರ: ಶಿಷ್ಯನ ಪ್ರಶ್ನೆ

ಯಂತ್ರವನ್ನು ಆಟೋದಲ್ಲಿ ಹಾಕಿಕೊಂಡು ಸೈಕಲ್ ಶಾಪಿಗೆ ಒಯ್ದೆ. ಶಿಷ್ಯ ಎರಡು ಸುತ್ತು ತಿರುಗಿಸಿ ನೋಡಿ, 36ರ ಚೈನಿನ ಮೇಲೂ 48ರ ಚೈನಿನ ಮೇಲೂ ಬೆರಳಾಡಿಸಿ ಕೇಳಿದ:

"ಸಾರ್, ಇದ್ರಲ್ಲಿ ಮೂರಕ್ಕೊಂದು ಹಳದಿ, ಅದ್ರಲ್ಲಿ ನಾಲ್ಕಕ್ಕೊಂದು ಹಳದಿ. ಎರಡೂ ಸೇರೋದು ಹನ್ನೆರಡಕ್ಕೊಂದ್ಸಲ ತಾನೇ? ಮಿಕ್ಕ ಹನ್ನೊಂದಕ್ಕೆ ಯಾಕ್ ಸಾರ್ ಕೈ ನೋಯಿಸ್ಕೊಂಡ್ರಿ?"

ನಾನು ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದೆ. "ಅಲ್ಲಯ್ಯಾ, ಇದನ್ನು ಪರೀಕ್ಷೆಯಲ್ಲಿ ಹೇಳಿದ್ದರೆ ಪಾಸ್ ಮಾಡುತ್ತಿರಲಿಲ್ಲವೇ?" ಎಂದೆ. "ಅವಾಗ ಚೈನ್ ಕೊಟ್ಟಿರ್ಲಿಲ್ವಲ್ಲ ಸಾರ್" ಎಂದ.

ಜೆವನ್ಸರ ಸಂಖ್ಯೆಗೆ ಒಂದು ಸೇರಿಸಿದರೆ 24ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಅಂಥ ಸಂಖ್ಯೆಯ ಎರಡು ಅಪವರ್ತನಗಳ ಮೊತ್ತವೂ 24ರ ಗುಣಕವಾಗಿರಲೇಬೇಕು, ನಡುಸಂಖ್ಯೆ 12ರ ಗುಣಕವಾಗಿರಲೇಬೇಕು. 89681 ಮತ್ತು 96079 ಕೂಡಿದರೆ 185760, ಅದು 24 × 7740. ನನ್ನ ಪಟ್ಟಿಯಲ್ಲಿ 9ಕ್ಕೆ 0, 3, 6 ಎಂದೂ 16ಕ್ಕೆ 0, 4, 8, 12 ಎಂದೂ ಬರೆದಾಗಲೇ ಇದು ಕಾಣಬೇಕಾಗಿತ್ತು. ಆಗ 92825 ಮತ್ತು 92880ರ ನಡುವೆ ಪರೀಕ್ಷಿಸಬೇಕಾದದ್ದು ಐದೇ ಸಂಖ್ಯೆಗಳು. ಅಂಗಡಿಯ ಗೋಡೆಯ ಮೇಲೆ, ಮೂಲ ಸಂಖ್ಯೆಯ ಕೆಳಗೇ ಬರೆದುಬಿಟ್ಟೆ:

92832: 1319425
92844: 3547537
92856: 5775937
92868: 8004625
92880: 10233601

ಎರಡನೆಯದೂ ಮೂರನೆಯದೂ 7ರಲ್ಲಿ ಮುಗಿಯುವುದರಿಂದ ವರ್ಗವಾಗಲಾರವು. ಮೊದಲನೆಯದನ್ನು 25ರಿಂದ ಭಾಗಿಸಿದರೆ 52777, ಅದೂ 7ರಲ್ಲೇ ಮುಗಿಯುತ್ತದೆ. ನಾಲ್ಕನೆಯದನ್ನು 25ರಿಂದ ಭಾಗಿಸಿದರೆ 320185. 5ರಲ್ಲಿ ಮುಗಿಯುವ ವರ್ಗಸಂಖ್ಯೆ 25ರಲ್ಲೇ ಮುಗಿಯಬೇಕು, ಇದು 85ರಲ್ಲಿ ಮುಗಿಯುತ್ತದೆ. ಉಳಿದದ್ದು ಐದನೆಯದೊಂದೇ. ಒಂದು ಲೋಟ ಟೀ ಆರುವಷ್ಟರಲ್ಲಿ ಮುಗಿಯುವ ಲೆಕ್ಕಕ್ಕೆ ನಾನು ಮೂರು ವಾರವನ್ನೂ ಒಟ್ಟು ₹1,405ನ್ನೂ ಹಾಕಿದ್ದೆ. ಜೆವನ್ಸ್ ತಮ್ಮ ಸಂಖ್ಯೆ ಹತ್ತಂಕಿಯಷ್ಟು ದೊಡ್ಡದೆಂದು ನಂಬಿಕೊಂಡರು. ಆದರೆ ಅವರು ಆರಿಸಿದ ಎರಡು ಅಪವರ್ತನಗಳು ಅಕ್ಕಪಕ್ಕದ ಮನೆಯವರಂತೆ ಹತ್ತಿರವಿದ್ದವು. ಅದು ಅವರ ತಪ್ಪು. 12ನ್ನು ಕಾಣದೆ ಹೋದದ್ದು ನನ್ನದು.

ಹಂತ 11. ಜುಲೈ 6, ಭಾನುವಾರ: ಸಿಕ್ಕಿಕೊಂಡಿರುವ ಜಾಗ

ಕಟ್ಟಿದ ಯಂತ್ರಕ್ಕೆ ಇನ್ನೊಂದು ಸಂಖ್ಯೆ ಕೊಡಬೇಕಲ್ಲ ಎಂದು 4294967297ನ್ನು, ಅಂದರೆ 2ರ 32ನೆಯ ಘಾತಕ್ಕೆ 1 ಸೇರಿಸಿದ ಸಂಖ್ಯೆಯನ್ನು, ತೆಗೆದುಕೊಂಡೆ. ಇದು ಅವಿಭಾಜ್ಯವೆಂದು ಫರ್ಮಾ ನಂಬಿದ್ದರು. 641 ಇದನ್ನು ಭಾಗಿಸುತ್ತದೆಂದು ಸ್ವಿಸ್ ಗಣಿತಜ್ಞ ಆಯ್ಲರ್ 1732ರಲ್ಲಿ ತೋರಿಸಿದರು. ಇನ್ನೊಂದು ಅಪವರ್ತನ 6700417. ಚೈನಿಗೆ ಬಣ್ಣ ಬಳಿಯುವ ಮೊದಲು ಈ ಸಲ ದೂರವನ್ನು ಲೆಕ್ಕ ಹಾಕಿದೆ. ನಡುಸಂಖ್ಯೆ 3350529, ಆರಂಭ 65537. ಒಟ್ಟು 32,84,992 ಟಕ್ಕುಗಳು. ಸೆಕೆಂಡಿಗೆ ಒಂದರಂತೆ ನಿದ್ದೆ ಊಟ ಬಿಟ್ಟು ತಿರುಗಿಸಿದರೆ 38 ದಿನ. ಫರ್ಮಾ ಅವರ ಪದ್ಧತಿ ಫರ್ಮಾ ಅವರದೇ ಸಂಖ್ಯೆಯ ಮುಂದೆ ಹೀಗೆ ಕೈಚೆಲ್ಲಿ ಕೂರುತ್ತದೆ. ಅದೇ ಸಂಖ್ಯೆಯ ಯಾವ ಅವಿಭಾಜ್ಯ ಅಪವರ್ತನವೂ 64ರ ಗುಣಕಕ್ಕಿಂತ ಒಂದು ಹೆಚ್ಚಾಗಿರಬೇಕೆಂಬ ಗುಣವನ್ನು ಹಿಡಿದರೆ 193, 257, 449, 577, 641 ಎಂದು ಐದನೆಯ ಭಾಗಾಕಾರಕ್ಕೆ ಸಿಕ್ಕಿಬಿಡುತ್ತದೆ. ನೋಟ್‌ಬುಕ್ಕಿನ ಒಂದು ಪುಟವೂ ತುಂಬುವುದಿಲ್ಲ. ಆ ಸಂಖ್ಯೆಯನ್ನು ಯಂತ್ರದಿಂದ ದೂರವಿಟ್ಟೆ.

ಈಗ ಮಾಡುತ್ತಿರುವುದು ತಿದ್ದುಪಡಿ: ಒಂದು ಟಕ್ಕೆಂದರೆ 12 ಹೆಜ್ಜೆ ಎಂದು ಇಟ್ಟುಕೊಂಡು, 24ರಿಂದ ಭಾಗಿಸಿದಾಗ 23 ಉಳಿಯುವ ಸಂಖ್ಯೆಗಳಿಗೆ ಮಾತ್ರ ಯಂತ್ರವನ್ನು ಮೀಸಲಿಡುವುದು. ಹಳೆಯ ಸಂಖ್ಯೆಯನ್ನೇ ಹಾಕಿ ಪರೀಕ್ಷಿಸುತ್ತಿದ್ದೇನೆ. 5ರ ಚೈನಿನಲ್ಲಿ ಹಳದಿಯ ಜಾಗಗಳು 0, 1, 4 ಎಂದೂ 7ರ ಚೈನಿನಲ್ಲಿ 1, 2, 5, 6 ಎಂದೂ ಬದಲಾದವು. ಥಿನ್ನರಿನಲ್ಲಿ ಒರೆಸಿ ಮತ್ತೆ ಬಳಿದೆ. 11ರ ಚೈನನ್ನು ಮುಟ್ಟಬೇಕಾಗಿಲ್ಲ, 12ನ್ನು 11ರಿಂದ ಭಾಗಿಸಿದರೆ 1 ಉಳಿಯುವುದರಿಂದ ಅದಕ್ಕೆ ಹೊಸ ಟಕ್ಕೂ ಹಳೆಯ ಟಕ್ಕೂ ಒಂದೇ. ಕೆಲಸವಿಲ್ಲದಾದ 9ರ ಚೈನನ್ನು ಇಳಿಸಿ, ಅದರ ಜಾಗಕ್ಕೆ 13ರದ್ದನ್ನು ಹಾಕಲು ಮಿಕ್ಕಿದ್ದ ಎರಡು ತುಂಡುಗಳಿಂದ ತಲಾ 26 ಕೊಂಡಿ ತೆಗೆದು 52 ಮಾಡಿದೆ. ಈ ಸಲ ಪಿನ್ನನ್ನು ಪೂರ್ತಿ ಹೊರಕ್ಕೆ ತಳ್ಳಲಿಲ್ಲ, ಒಂದೇ ಏಟಿಗೆ ಕೂಡಿತು.

ಆದರೆ ತೊಡಿಸಿದ ಮೇಲೆ ಚೈನಿನ ಕೆಳತುದಿ ಹಲಗೆಗೆ ತಗುಲುತ್ತಿದೆ. 48ರ ಚೈನು ಬೆರಳಿನಷ್ಟು ಅಂತರದಲ್ಲಿ ಪಾರಾಗಿತ್ತು. 52ರದ್ದು ಪಾರಾಗಲಿಲ್ಲ, ಹಲಗೆಯ ಮೇಲೆ ಮಡಚಿಕೊಂಡು ಎರಡು ಸುತ್ತಿಗೊಮ್ಮೆ ಹಲ್ಲು ತಪ್ಪಿಸುತ್ತದೆ. ಮಂಚದ ಕಾಲಿಗೆ ಇನ್ನು ಉದ್ದ ಉಳಿದಿಲ್ಲ. ಹಲಗೆಯಲ್ಲೇ ಒಂದೂವರೆ ಇಂಚು ಅಗಲದ ಸೀಳು ಕೊರೆಯಬೇಕು. ಗುರುತು ಹಾಕಿಟ್ಟಿದ್ದೇನೆ, ಉಳಿ ಸಾಣೆಗೆ ಹೋಗಿದೆ.